ಜುಲೈ ತಿಂಗಳ ಚಾಂಪಿಯನ್ನರು

ಜುಲೈ ತಿಂಗಳಲ್ಲಿ ನಮ್ಮ ತಂಡವನ್ನು ಸೋಲಿಸಿದವರು ಇಲ್ಲಿಯತನಕ ಯಾರೂ ಇಲ್ಲ. ಮೊದಲು ಆಗಸ್ಟಿನ ಬಗ್ಗೆಯೂ ಇದೇ ಮಾತು ಹೇಳಿಕೊಂಡು ಓಡಾಡುತ್ತಿದ್ದೆವು. ಆದರೆ ಈಗೀಗ ಸೀಸನ್ನು ಆಗಸ್ಟ್ ಮುಗಿಯುವ ಮೊದಲೇ ಶುರುವಾಗಿಬಿಡುತ್ತದೆ. 2021, 2022, 2023, ಸಾಲಾಗಿ ಮೂರು ವರ್ಷ ಮೊದಲ ಮ್ಯಾಚನ್ನೇ ಸೋತು ಆಗಸ್ಟಿನ ಮಾನವನ್ನೂ ಕಳೆದೆವು. ಈಗ ಧೈರ್ಯವಾಗಿ ಮಾತಾಡಲು ಉಳಿದಿರುವುದು ಜುಲೈ ಒಂದೇ.

ತಂಡ ಯಾವುದು ಅಂದರೆ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕಾರ್ನ್‌ಹಸ್ಕರ್ಸ್. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್ಬಾಲ್ ಇವರ ಆಟ. ಊರು ಲಿಂಕನ್. ಅಮೆರಿಕದ ನಟ್ಟನಡುವೆ, ಎತ್ತ ನೋಡಿದರೂ ಮುಸುಕಿನ ಜೋಳ. ಈ ರಾಜ್ಯಕ್ಕೆ ದೊಡ್ಡ ಲೀಗಿನ ತಂಡ ಅಂತ ಒಂದೂ ಇಲ್ಲ. ಹಾಗಾಗಿ ಊರವರ ಆಸೆಯೆಲ್ಲ ಇಪ್ಪತ್ತು ವರ್ಷದ ಕಾಲೇಜು ಹುಡುಗರ ಹೆಗಲ ಮೇಲೆ. ಇಲ್ಲಿನ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರಿಂದ ಒಂದು ಮ್ಯಾಚಿಗೂ ಟಿಕೆಟ್ ಮಿಕ್ಕಿಲ್ಲ. ಆಟದ ದಿನ ಒಳಗೆ 85 ಸಾವಿರದಷ್ಟು ಜನ. ಒಮಾಹಾ, ಲಿಂಕನ್ ಬಿಟ್ಟರೆ ಆ ಹೊತ್ತಿಗೆ ರಾಜ್ಯದ ಮೂರನೇ ದೊಡ್ಡ ಊರು ಸ್ಟೇಡಿಯಮ್ಮೇ. ಮದುವೆಗೆ ದಿನ ಗೊತ್ತು ಮಾಡುವ ಮೊದಲು ಇಲ್ಲಿನವರು ಫುಟ್ಬಾಲ್ ವೇಳಾಪಟ್ಟಿ ತೆಗೆದು ನೋಡುತ್ತಾರೆ. ರಾಹುಕಾಲವಾದರೆ ಒಂದೂವರೆ ಗಂಟೆ. ಇದು ಬೆಳಿಗ್ಗೆಯಿಂದ ರಾತ್ರಿತನಕ.

ಪಕ್ಕದ ಮನೆಯ ಅಜ್ಜ ಚಾಂಪಿಯನ್ ಆದ ವರ್ಷಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. 1970, 1971, 1994, 1995, 1997. ಅಲ್ಲಿಗೆ ಮಗ್ಗಿ ನಿಲ್ಲುತ್ತದೆ. 2003ರಲ್ಲಿ ಒಂಬತ್ತು ಮ್ಯಾಚ್ ಗೆದ್ದುಕೊಟ್ಟ ಕೋಚನ್ನು, ಒಂಬತ್ತು ಸಾಲದು ಅಂತ ಮನೆಗೆ ಕಳಿಸಿದ ಊರು ಇದು. ಈಗ ಯಾರಾದರೂ ಒಂಬತ್ತು ಗೆದ್ದುಕೊಟ್ಟರೆ ಅವರ ಮೂರ್ತಿಯನ್ನೇ ನಿಲ್ಲಿಸುತ್ತೇವೆ. ಬೇಕಾದರೆ ಚಂದಾ ಎತ್ತುವ ಕೆಲಸ ನನ್ನದು.

ಬೆಂಗಳೂರಿಂದ ಬಂದವನಿಗೆ ಇಂಥ ಜನರ ಜೊತೆ ಹೊಂದಿಕೊಳ್ಳಲು ಏನೂ ಕಷ್ಟವಾಗಲಿಲ್ಲ. 2008ರಿಂದ ‘ಈ ಸಲ ಕಪ್ ನಮ್ದೇ’ ಎಂದು ಪ್ರತಿ ವರ್ಷ ಹೇಳಿ ಪಳಗಿದ ನಾಲಿಗೆ ನಮ್ಮದು. ಈ ವರ್ಷ, ಅಂದರೆ 2025ರ ಜೂನ್ 3ರ ರಾತ್ರಿ ಆರ್‌ಸಿಬಿ ನಿಜವಾಗಿಯೂ ಗೆದ್ದಿತು. (ಮರುದಿನ ಬೆಂಗಳೂರಲ್ಲಿ ಆದದ್ದು ಬೇರೆ ಮಾತು. ಅದು ನಗುವ ವಿಷಯವಲ್ಲ.) ಆವತ್ತಿಂದ ನನ್ನನ್ನು ಹಿಡಿಯುವವರಿಲ್ಲ. ಹದಿನೆಂಟನೇ ವರ್ಷಕ್ಕೆ ಅವರಿಗೆ ಬರುತ್ತದೆ ಅಂದಮೇಲೆ ಇಪ್ಪತ್ತೆಂಟನೇ ವರ್ಷಕ್ಕೆ ನಮಗೆ ಯಾಕೆ ಬರಬಾರದು ಅಂತ ಅಜ್ಜನನ್ನು ಕೇಳಿದೆ. ಅಜ್ಜನಿಗೆ ಕ್ರಿಕೆಟ್ ಗೊತ್ತಿಲ್ಲ. ಆದರೂ ‘ಹೌದಲ್ಲ!’ ಅಂದರು.

ನಮ್ಮ ಆಸೆಗೆ ಲೆಕ್ಕದ ಆಧಾರವಿದೆ. ಸುಮ್ನೆ ಹೇಳುವ ಮಾತಲ್ಲ. 2021ನ್ನೇ ತಗೊಳ್ಳಿ. ಹನ್ನೆರಡು ಮ್ಯಾಚ್, ಮೂರು ಗೆಲುವು, ಒಂಬತ್ತು ಸೋಲು. ಆದರೆ ಒಂದು ಸೋಲೂ ಒಂಬತ್ತು ಪಾಯಿಂಟಿಗಿಂತ ಜಾಸ್ತಿ ಅಂತರದ್ದಲ್ಲ. ಒಂಬತ್ತನ್ನೂ ಕೂಡಿದರೆ 56 ಪಾಯಿಂಟ್ ಅಷ್ಟೇ. ಅದೇ ವರ್ಷ ನಾರ್ತ್‌ವೆಸ್ಟರ್ನ್ ತಂಡವನ್ನು 56-7, ಫೋರ್ಡಂ ತಂಡವನ್ನು 52-7 ಬಡಿದಿದ್ದೇವೆ. ಅಷ್ಟೊಂದು ಯಾಕೆ ಬೇಕಿತ್ತು ಹೇಳಿ? ಅಲ್ಲಿ ದಂಡವಾದದ್ದನ್ನು ಮಿಕ್ಕ ಕಡೆ ಹಂಚಿದ್ದರೆ ಹನ್ನೆರಡಕ್ಕೆ ಹನ್ನೆರಡೂ ನಮ್ಮದೇ. ಇಡೀ ಸೀಸನ್ನಿನಲ್ಲಿ ನಾವು ಹೊಡೆದದ್ದು ಹೊಡೆಸಿಕೊಂಡದ್ದಕ್ಕಿಂತ 63 ಪಾಯಿಂಟ್ ಜಾಸ್ತಿ! ಲೆಕ್ಕಪರಿಶೋಧಕರು ನೋಡಿದರೆ ಈ ತಂಡ ಲಾಭದಲ್ಲಿದೆ ಅಂತ ಸಹಿ ಹಾಕಿಕೊಡುತ್ತಾರೆ.

ಮುಂದಿನ ವರ್ಷ ಐರ್ಲೆಂಡಿನ ಡಬ್ಲಿನ್ನಿಗೆ ಹೋಗಿ ಅದೇ ನಾರ್ತ್‌ವೆಸ್ಟರ್ನ್ ಕೈಲಿ ಸೋತೆವು. ಹನ್ನೊಂದು ಪಾಯಿಂಟ್ ಮುಂದಿದ್ದೆವು. ಚೆಂಡನ್ನು ದೂರ ಒದ್ದು ತೆಪ್ಪಗಿರುವುದು ಬಿಟ್ಟು, ಹತ್ತಿರಕ್ಕೇ ಒದ್ದು ನಾವೇ ಹಿಡಿಯೋಣ ಅಂತ ಹೊರಟರು. ಅವರು ಹಿಡಿದರು. 31-28. ಆವತ್ತು ಆ ಸ್ಟೇಡಿಯಂನಲ್ಲಿ ಕಾರ್ಡ್ ಮೆಷಿನ್ನುಗಳೆಲ್ಲ ಕೈಕೊಟ್ಟು ಬಿಯರನ್ನು ಪುಕ್ಕಟೆ ಹಂಚಿದ್ದರು. ಮನೆಯಲ್ಲಿ ಕೂತು ನೋಡಿದ ನಮಗೆ ಆ ಸಮಾಧಾನವೂ ಇಲ್ಲ. 2023ರಲ್ಲಿ ಎಂಟರಲ್ಲಿ ಐದು ಗೆದ್ದೆವು. ಆರು ಗೆದ್ದರೆ ಡಿಸೆಂಬರಿನಲ್ಲಿ ‘ಬೌಲ್’ ಅಂತ ಒಂದು ಹೆಚ್ಚಿನ ಮ್ಯಾಚ್ ಸಿಗುತ್ತದೆ. ಉಳಿದ ನಾಲ್ಕರಲ್ಲಿ ಒಂದು ಸಾಕಿತ್ತು. ನಾಲ್ಕೂ ಸೋತೆವು, ಮೂರು ಬರೀ ಮೂರು ಮೂರು ಪಾಯಿಂಟಿಗೆ, ಇನ್ನೊಂದು ಹೆಚ್ಚುವರಿ ಸಮಯದಲ್ಲಿ. ಕೊನೆಯದು ಅಯೋವಾ ಕೈಲಿ, 13-10, ಕೊನೇ ಕ್ಷಣದ ಒದೆತಕ್ಕೆ. ಅಯೋವಾ ಅಂದರೆ ಪಕ್ಕದ ರಾಜ್ಯ, ದಾಯಾದಿ. ಮರುವರ್ಷ ಮತ್ತೆ ಅದೇ ಅಯೋವಾ, ಅದೇ 13-10, ಅದೇ ಕೊನೇ ಕ್ಷಣ. ಹೊಸದಾಗಿ ಸೋಲಿಸುವ ಶ್ರಮವನ್ನೂ ಅವರು ತಗೊಳ್ಳಲಿಲ್ಲ.

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಈ ವರ್ಷದ ಪಟ್ಟಿ ಅಂಟಿದೆ. ಗೆಲ್ಲುವ ಮ್ಯಾಚಿಗೆ ಟಿಕ್, ಸೋಲುವುದಕ್ಕೆ ಇಂಟು. ಜೂನಿನಲ್ಲಿ ತಲೆ ಸರಿಯಿದ್ದಾಗ ಏಳು ಟಿಕ್ ಹಾಕಿದ್ದೆ. ಜುಲೈ ಬಂತು. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಡಿಲನ್ ರಯೋಲಾ ಎರಡನೇ ವರ್ಷಕ್ಕೆ ಬಂದಿದ್ದಾನೆ, ಅವನ ಅಪ್ಪನೂ ಇದೇ ತಂಡಕ್ಕೆ ಆಡಿದವರು, ರಕ್ತದಲ್ಲೇ ಇದೆ ಅಂತ ಅಜ್ಜ ಬೇಲಿಯಾಚೆಯಿಂದ ಹೇಳಿದರು. ಟಿಕ್ ಒಂಬತ್ತಾಯಿತು. ಆಗಸ್ಟಿನಲ್ಲಿ ಅಭ್ಯಾಸ ಶುರುವಾಗಿ, ಹುಡುಗರೆಲ್ಲ ಹಿಂದೆಂದಿಗಿಂತ ಗಟ್ಟಿಯಾಗಿದ್ದಾರೆ ಎಂಬ ಸುದ್ದಿ ಬಂತು. ಈ ಸುದ್ದಿ ಪ್ರತಿ ಆಗಸ್ಟಿನಲ್ಲೂ ಬರುತ್ತದೆ. ‘ನಮ್ಮ ಹುಡುಗರು ಹೋದ ವರ್ಷಕ್ಕಿಂತ ಸೊರಗಿದ್ದಾರೆ’ ಎಂದು ಹೇಳಿದ ಕೋಚ್ ಇನ್ನೂ ಹುಟ್ಟಿಲ್ಲ. ಟಿಕ್ ಹನ್ನೊಂದಾಯಿತು. ಬಲಿಷ್ಠ ತಂಡವಾದ ಪೆನ್ ಸ್ಟೇಟ್ ಮುಂದೆ ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮರ್ಯಾದೆ ತೋರಿಸಿದ್ದೇನೆ.

ಮಗಳು ಹಾಲು ತೆಗೆಯಲು ಬಂದವಳು ಪಟ್ಟಿ ನೋಡಿ, ‘ಅಪ್ಪಾ, ಹೋದ ವರ್ಷ ಎಷ್ಟು ಹಾಕಿದ್ದೆ?’ ಅಂದಳು. ಹಾಲು ತಗೊಂಡು ಬೇಗ ಬಾಗಿಲು ಹಾಕು, ಕರೆಂಟ್ ದಂಡ ಅಂದೆ.

ಇನ್ನು ಪಂಚೆಯ ವಿಷಯ. ಲೆಕ್ಕಕ್ಕಿಂತ ನನಗೆ ಹೆಚ್ಚು ಭರವಸೆ ಇರುವುದು ಅದರ ಮೇಲೇ.

ಹೋದ ವರ್ಷ ಗಣೇಶ ಚತುರ್ಥಿ ಬಂದದ್ದು ಸೆಪ್ಟೆಂಬರ್ 7, ಶನಿವಾರ. ಅದೇ ಶನಿವಾರ ಸಂಜೆ ಲಿಂಕನ್ನಿನಲ್ಲಿ ಕೊಲೊರಾಡೋ ಜೊತೆ ಮ್ಯಾಚ್. ಕೊಲೊರಾಡೋ ಅಂದರೆ ಹಳೇ ವೈರ, ಹಿಂದಿನ ವರ್ಷ ಅವರೂರಲ್ಲಿ ನಮ್ಮನ್ನು ಸೋಲಿಸಿದ್ದವರು. ಕನ್ನಡದವರೆಲ್ಲ ಸೇರಿ ಹಬ್ಬ ಮಾಡಲು ಹಾಲ್ ಸಿಕ್ಕಿದ್ದು ಮಧ್ಯಾಹ್ನದ ಮೇಲೆ. ಆವತ್ತು ಬೆಳಿಗ್ಗೆ ನೋಡಿದರೆ, ಮದುವೆಯಲ್ಲಿ ಮಾವನವರು ಕೊಟ್ಟ ಜರಿ ಅಂಚಿನ ಬಿಳಿ ಪಂಚೆ ಡ್ರೈಯರಿನಿಂದ ಗುಲಾಬಿಯಾಗಿ ಹೊರಬಂತು. ಜೊತೆಗೆ ನನ್ನ ಹೊಸ ಕೆಂಪು ಟೀ ಶರ್ಟ್ ಇತ್ತು. ಕೆಂಪು ನಮ್ಮ ತಂಡದ ಬಣ್ಣ. ಎರಡನ್ನೂ ಮೆಷಿನ್ನಿಗೆ ಹಾಕಿದವರು ಯಾರು ಎಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಗುಲಾಬಿಯಾದರೂ ಒಂದೇ ಸಮ ಆಗಿದ್ದರೆ ಹೇಗೋ ಆಗುತ್ತಿತ್ತು. ಒಂದು ಮಗ್ಗುಲು ಕಲ್ಲಂಗಡಿ ಹಣ್ಣು, ಇನ್ನೊಂದು ಮಗ್ಗುಲು ಅದರ ಸಿಪ್ಪೆಯ ಒಳಭಾಗ. ಬೇರೆ ಪಂಚೆ ಇರಲಿಲ್ಲ. ಅದನ್ನೇ ಉಟ್ಟು ಹೋದೆ.

ಒಮಾಹಾದಿಂದ ಬರಬೇಕಿದ್ದ ಪುರೋಹಿತರು ಐ-80 ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡರು. ಫೋನ್ ಮಾಡಿದರೆ, ‘ಮುಂದೂ ಕೆಂಪು ಬಾವುಟ, ಹಿಂದೂ ಕೆಂಪು ಬಾವುಟ, ಕಾರು ಅಲ್ಲಾಡ್ತಾ ಇಲ್ಲ. ನೀವು ಸಂಕಲ್ಪ ಶುರು ಮಾಡ್ಕೊಳ್ಳಿ’ ಅಂದರು. ಶುರು ಮಾಡುವುದು ಯಾರು? ಕಾರ್ಯದರ್ಶಿಗಳು ಫೋನಿನಲ್ಲಿ ಪೂಜೆಯ ವೀಡಿಯೋ ಹಚ್ಚಿ ಮೈಕಿಗೆ ಹಿಡಿದರು. ಆಚಮನದ ನೀರು ಅಂಗೈಯಲ್ಲಿರುವಾಗಲೇ ಕಾರ್ ಇನ್ಶೂರೆನ್ಸ್ ಜಾಹೀರಾತು ಬಂತು. ಕುಡಿಯಬೇಕೋ ಬಿಡಬೇಕೋ ತಿಳಿಯದೆ ಎಲ್ಲರೂ ಅಂಗೈ ಹಿಡಿದುಕೊಂಡೇ ಕೂತೆವು. ‘ಸ್ಕಿಪ್ ಮಾಡಿ ಸ್ವಾಮಿ’ ಅಂತ ಹಿಂದಿನಿಂದ ಯಾರೋ ಕೂಗಿದರು. ಕಾರ್ಯದರ್ಶಿಗಳ ಬೆರಳು ಪೂರ್ತಿ ಅರಿಶಿನ. ಒತ್ತಿದರೆ ಫೋನು ಕೇಳಬೇಕಲ್ಲ!

ಅಂತೂ ಪುರೋಹಿತರು ಬಂದು, ಮಕ್ಕಳ ಕಾರ್ಯಕ್ರಮ ಮುಗಿದು, ಮಹಾಮಂಗಳಾರತಿ ಹೊತ್ತಿಗೆ ರಾತ್ರಿಯೇ ಆಯಿತು. ನಾನು ಒಂದು ಕಣ್ಣು ಗಣಪನ ಮೇಲೆ, ಒಂದು ಕಣ್ಣು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡ ಫೋನಿನ ಮೇಲೆ ಇಟ್ಟಿದ್ದೆ. ಅರ್ಧ ಆಟಕ್ಕೆ 28-0. ನಾವು ಮುಂದೆ! ಘಂಟೆ ಬಾರಿಸುವ ಕೆಲಸ ನನ್ನ ಕೈಲಿತ್ತು. ಆವತ್ತಿನಷ್ಟು ಭಕ್ತಿಯಿಂದ ಘಂಟೆ ಬಾರಿಸಿದವರನ್ನು ನೋಡಿಯೇ ಇಲ್ಲ ಅಂತ ಹಿರಿಯರೊಬ್ಬರು ಹೆಂಡತಿಯ ಹತ್ತಿರ ಹೇಳಿದರಂತೆ. ಮುಗಿದಾಗ 28-10.

ಆವತ್ತಿನಿಂದ ಆ ಪಂಚೆಗೆ ಬ್ಲೀಚ್ ತಾಕಿಸಲು ನಾನು ಬಿಟ್ಟಿಲ್ಲ. ಸೋಫಾ ಮೇಲೆ ಗುಲಾಬಿ ಪಂಚೆ ಉಟ್ಟು ಕೂತರೆ ತಂಡ ಗೆಲ್ಲುತ್ತದೆ. ‘ಹಾಗಾದ್ರೆ ಇಂಡಿಯಾನಾ ಮ್ಯಾಚ್ ಏನ್ರೀ?’ ಅಂತ ಹೆಂಡತಿ ಕೇಳುತ್ತಾಳೆ. ಇಂಡಿಯಾನಾ ಮ್ಯಾಚ್ ಅಕ್ಟೋಬರ್ 19ರಂದು ನಡೆಯಿತು, 56-7, ಏಳು ನಮ್ಮದು. ಅದಕ್ಕೂ ಕಾರಣವಿದೆ. ಆಗ ಮಾವನವರು ಊರಿಂದ ಬಂದಿದ್ದರು. ಬೆಳಿಗ್ಗೆ ಸ್ನಾನ ಮುಗಿಸಿ ಕಪಾಟಿನಲ್ಲಿ ಸಿಕ್ಕ ಪಂಚೆ ಉಟ್ಟುಕೊಂಡು ಕಾಫಿಗೆ ಬಂದು ಕೂತರು. ನೋಡಿದರೆ ಅದೇ! ಕೊಟ್ಟವರೇ ಅವರು. ಬಿಚ್ಚಿಕೊಡಿ ಅಂತ ಹೇಗೆ ಕೇಳುವುದು? ಮೊದಲ ಟಚ್‌ಡೌನ್ ಬಿಟ್ಟುಕೊಟ್ಟಾಗ ಸುಮ್ಮನಿದ್ದೆ. ಎದುರಾಳಿಯ ಅಂಕ ಏರುತ್ತಲೇ ಹೋದಾಗ, ‘ಮಾವ, ನಿಮಗೆ ಚಳಿಯಾಗ್ತಿದೆಯಾ, ಪ್ಯಾಂಟ್ ಕೊಡಲಾ?’ ಅಂದೆ. ‘ಇಲ್ಲ ಅಳಿಯಂದ್ರೇ, ಬೆಚ್ಚಗಿದೆ’ ಅಂದರು. ಆಮೇಲೆ ಅಂಚನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ‘ನಾನು ಕೊಟ್ಟಿದ್ದು ಬಿಳೀದು ಅಲ್ವಾ?’ ಅಂದರು. ಹೆಂಡತಿ ಅಡುಗೆಮನೆಯಿಂದ ಹೊರಗೇ ಬರಲಿಲ್ಲ.

ಆ ಸೀಸನ್ನಿನಲ್ಲಿ ಕೊನೆಗೂ ಆರು ಗೆದ್ದು, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಬಾಸ್ಟನ್ ಕಾಲೇಜನ್ನು 20-15 ಸೋಲಿಸಿದೆವು. 2016ರ ನಂತರ ಮೊದಲ ಬೌಲ್ ಅದು. ಪಂಚೆ ನನ್ನ ಮೈಮೇಲಿತ್ತು, ಮಾವ ಊರಿಗೆ ಹೋಗಿದ್ದರು. ಇದಕ್ಕಿಂತ ಸಾಕ್ಷಿ ಬೇಕಾ?

ಈ ವರ್ಷದ ಚತುರ್ಥಿ ಆಗಸ್ಟ್ 27, ಬುಧವಾರ. ಮೊದಲ ಮ್ಯಾಚ್ ಮರುದಿನವೇ, ಕಾನ್ಸಾಸ್ ಸಿಟಿಯಲ್ಲಿ ಸಿನ್ಸಿನಾಟಿ ಜೊತೆ. ಗಣೇಶನೇ ಒಂದು ದಿನ ಮೊದಲು ಬಂದು ವಿಘ್ನ ತೆಗೆದು ಹೋಗುತ್ತಾನೆ ಅನ್ನುವುದು ನನ್ನ ವಾದ. ವಿಘ್ನ ಯಾರದ್ದು ತೆಗೀತಾನೆ ಅಂತ ಅವನಿಗೆ ಬಿಡಿ ಅನ್ನುವುದು ಹೆಂಡತಿಯ ವಾದ. ಮಾವನವರಿಗೆ ಹೊಸ ಪಂಚೆ ತೆಗೆದಿಟ್ಟಿದ್ದೇನೆ, ಎರಡು. ಅಕ್ಟೋಬರಿಗೆ ಮತ್ತೆ ಬರುತ್ತಿದ್ದಾರೆ.

ಡಿಸೆಂಬರಿನಲ್ಲಿ ಬೆಂಗಳೂರಿಗೆ ಟಿಕೆಟ್ ಮಾಡೋಣವಾ ಅಂತ ಅವಳು ಜೂನಿನಿಂದ ಕೇಳುತ್ತಿದ್ದಾಳೆ. ಹನ್ನೊಂದು ಗೆದ್ದರೆ ಪ್ಲೇಆಫ್, ಪ್ಲೇಆಫ್ ಅಂದರೆ ಡಿಸೆಂಬರ್ ಪೂರ್ತಿ ಬಿಡುವಿಲ್ಲ, ಸ್ವಲ್ಪ ತಡಿ ಅಂದಿದ್ದೇನೆ. ಟಿಕೆಟ್ ದರ ಏರುತ್ತಿದೆ. ಫೈನಲ್ ಜನವರಿ 19ರ ರಾತ್ರಿ, ಮಯಾಮಿಯಲ್ಲಿ. ಮುಂಜಾಗ್ರತೆಗೆ 20ನೇ ತಾರೀಕಿಗೆ ಆಫೀಸಿನಲ್ಲಿ ಈಗಲೇ ರಜೆ ಹಾಕಿದೆ. ಕಾರಣ ಎಂಬ ಜಾಗದಲ್ಲಿ ‘ಫೈನಲ್‌ನ ಮರುದಿನ’ ಎಂದು ಪ್ರಾಮಾಣಿಕವಾಗಿ ಬರೆದೆ. ನಮ್ಮ ಮ್ಯಾನೇಜರ್ ಅಯೋವಾದವನು. ಯಾವ ರಜೆಯನ್ನೂ ಎರಡು ದಿನ ಕಾಯಿಸದೆ ಕೊಟ್ಟವನಲ್ಲ. ಇದನ್ನು ಮಾತ್ರ ಒಂದೇ ನಿಮಿಷದಲ್ಲಿ ಮಂಜೂರು ಮಾಡಿ, ‘ಬೇಕಿದ್ದರೆ 21ನ್ನೂ ತಗೋ’ ಅಂತ ಬರೆದಿದ್ದಾನೆ.