ಕೊಲೆಸ್ಟ್ರಾಲ್ ಇಲ್ಲದ ಕರಿಮೆಣಸು

ಕುಶಾಲನಗರದಿಂದ ಮಡಿಕೇರಿಗೆ ಏರುವ ದಾರಿಯಲ್ಲಿ ಪ್ರವಾಸಿಗರಿಗಾಗಿಯೇ ಹುಟ್ಟಿಕೊಂಡ ಮಳಿಗೆಗಳಿವೆ. ಒಂದರ ಮುಂದಿದ್ದ ಹಳದಿ ಫಲಕ ಹೀಗಿತ್ತು: 'ಕೊಡಗಿನ ಶುದ್ಧ ಕರಿಮೆಣಸು. ಕೊಲೆಸ್ಟ್ರಾಲ್ ಇಲ್ಲ. ಮಿದುಳಿಗೆ ಬಲ.' ಜೇನಿನ ಬಾಟಲಿಗೂ ಕಾಫಿಪುಡಿಯ ಪೊಟ್ಟಣಕ್ಕೂ ಅದೇ ಚೀಟಿ. ಕಿತ್ತಳೆ ಬುಟ್ಟಿ ಮಾತ್ರ ಬಚಾವಾಗಿತ್ತು, ಅಂಟು ಮುಗಿದಿರಬೇಕು.

"ಮೆಣಸಿನಲ್ಲಿ ಕೊಲೆಸ್ಟ್ರಾಲ್ ಯಾವತ್ತು ಇತ್ತು?" ಎಂದು ಕೇಳಿದೆ.

"ಇಲ್ಲ ಸಾರ್. ಇಲ್ಲವೆಂದೇ ಅಲ್ಲವೇ ಬರೆದಿರುವುದು?"

ನಿಜವೇ. ಪ್ರಾಣಿಜನ್ಯ ಆಹಾರದಲ್ಲಿರುವ ಪದಾರ್ಥ ಅದು. ಗಿಡಬಳ್ಳಿಗಳಲ್ಲಿ ಲೆಕ್ಕಕ್ಕೆ ಸಿಗುವಷ್ಟೂ ಇರುವುದಿಲ್ಲ. ನಾಳೆ 'ಜಿಗಣೆರಹಿತ ಮೆಣಸು' ಎಂದು ಬರೆದರೂ ಯಾರೂ ದೂರು ಕೊಡುವಂತಿಲ್ಲ.

ಈ ಚೀಟಿಯನ್ನು ವೇದವಾಕ್ಯವೆಂದು ನಂಬಿದವರು ನಮ್ಮ ಮಾವ. ಮೊನ್ನೆ ವಿರಾಜಪೇಟೆಯ ಮದುವೆಯೂಟದಲ್ಲಿ ಅಕ್ಕಿಯುಂಡೆ ಕಡಂಬುಟ್ಟಿನ ಜೊತೆ ಹಂದಿಮಾಂಸದ ಪಂದಿ ಕರಿ ಬಂತು. ಕಾಚಂಪುಳಿ ಎಂಬ ಹುಳಿರಸದಲ್ಲಿ ಕಪ್ಪಗೆ ಮಿರುಗುತ್ತಿದ್ದ ತುಂಡುಗಳಿಂದ ಅವರು ನೆಣವನ್ನು ಉಗುರಿನಿಂದ ಬಿಡಿಸಿ ಎಲೆಯ ಅಂಚಿಗೆ ಸಾಲಾಗಿ ಜೋಡಿಸಿದರು. "ಕೊಲೆಸ್ಟ್ರಾಲ್, ಮಿದುಳಿಗೆ ಕೆಟ್ಟದ್ದಪ್ಪ" ಎಂದರು. ಮಾವನವರ ಮಿದುಳಿಗೆ ಇದು ಗೊತ್ತಾಗಿದ್ದರೆ ನಕ್ಕಿರುತ್ತಿತ್ತು. ದೇಹದ ತೂಕದಲ್ಲಿ ಅದರ ಪಾಲು ಸುಮಾರು ಶೇಕಡಾ 2. ದೇಹದ ಕೊಲೆಸ್ಟ್ರಾಲಿನಲ್ಲಿ ಮಾತ್ರ ಶೇಕಡಾ 20ಕ್ಕೂ ಹೆಚ್ಚು. ನರತಂತುಗಳಿಗೆ ಸುತ್ತಿದ ಹೊದಿಕೆ ಕಟ್ಟಲು ಕೊಲೆಸ್ಟ್ರಾಲ್ ಬೇಕೇ ಬೇಕು. ಅದನ್ನೂ ಮಿದುಳು ಯಾರನ್ನೂ ಕೇಳದೆ ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ತೇಲಿ ಬರುವ ಕೊಲೆಸ್ಟ್ರಾಲಿಗೆ ಅಲ್ಲಿ ರಾತ್ರಿ ಹೊತ್ತಿನ ನಾಗರಹೊಳೆ ಗೇಟಿನ ಮರ್ಯಾದೆ: ಒಳಗೆ ಬಿಡುವುದಿಲ್ಲ. ಹಾಗೆಂದು ನೆಣ ಬಾಚಿ ತಿನ್ನಿ ಎನ್ನುತ್ತಿಲ್ಲ. ರಕ್ತನಾಳ ಕಟ್ಟಿಕೊಂಡರೆ ಮಿದುಳಿಗೆ ರಕ್ತವೇ ಹೋಗದು. ಆದರೆ ಮಾವನವರ ಪಥ್ಯ ಮರುದಿನ ಬೆಳಿಗ್ಗೆಯೇ ಮುಗಿಯಿತು: "ಮಿದುಳು ತಿಂದರೆ ಮಿದುಳು ಬೆಳೆಯುತ್ತದೆ" ಎಂದು ಕುರಿಯ ಮಿದುಳು ಹುರಿಸಿಕೊಂಡು ತಿಂದರು. ಒಂದು ಮೊಟ್ಟೆಯ ಹಳದಿಯಲ್ಲಿ ಕೊಲೆಸ್ಟ್ರಾಲ್ ಸುಮಾರು 185 ಮಿಲಿಗ್ರಾಂ. 100 ಗ್ರಾಂ ಕುರಿ ಮಿದುಳಿನಲ್ಲಿ ಸಾವಿರ ಮಿಲಿಗ್ರಾಂ ದಾಟುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ವಾರ ನಮ್ಮೂರ ಸಭಾಂಗಣದಲ್ಲಿ ರಕ್ತಹೀನತೆ ಜಾಗೃತಿ ಸಭೆ. ಭಾಷಣಕಾರರು ಚೆನ್ನಾಗಿಯೇ ಮಾತನಾಡಿದರು. ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮಿನ್ ತಯಾರಾಗಲು ಕಬ್ಬಿಣ ಬೇಕು, ಎಳೆಯ ವಯಸ್ಸಿನಲ್ಲಿ ಕೊರತೆಯಾದರೆ ಮಕ್ಕಳ ಕಲಿಕೆ ಹಿಂದೆ ಬೀಳುತ್ತದೆ. ಅದೇ ಕಬ್ಬಿಣ ಮಿತಿಮೀರಿ ಜೀವಕೋಶದೊಳಗೆ ಸೇರಿದರೆ ಅಲ್ಲಿನ ಕೊಬ್ಬನ್ನು ಕೆಡಿಸಿ ಕೋಶವನ್ನೇ ಕೊಲ್ಲುತ್ತದೆ. ಆ ಸಾವಿಗೆ 2012ರಲ್ಲಿ 'ಫೆರಾಪ್ಟೋಸಿಸ್' ಎಂದು ಹೆಸರಿಟ್ಟರು. ಆದ್ದರಿಂದ ರಕ್ತಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗಬೇಡಿ ಎಂದರು. ಜನ ಚಪ್ಪಾಳೆ ತಟ್ಟಿದರು. ತಟ್ಟಿದ ಕೈಗಳಿಗೆ ಸಂಘಟಕರು ಪರೀಕ್ಷೆಯ ಗೋಜಿಲ್ಲದೆ ತಲಾ ಹತ್ತು ಮಾತ್ರೆ ಹಂಚಿದರು.

ಮಾವ ಅಲ್ಲೇ ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕೇಳಿದರು. ಕೈಗೆ ಬಂದದ್ದು ಬೆಲ್ಲದ ಕಾಫಿ, ಪುಡಿ ಹಾಕಿ ಗಂಟೆಗಟ್ಟಲೆ ಕುದಿಸಿದ್ದು. ಕಾಫಿಯಲ್ಲಿರುವ ಪಾಲಿಫಿನಾಲುಗಳೆಂಬ ಸಸ್ಯಜನ್ಯ ರಾಸಾಯನಿಕಗಳು ಮಾತ್ರೆಯ ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ಸೋಸದ ಕಾಫಿಯಲ್ಲಿ ಉಳಿಯುವ ಕಫೆಸ್ಟಾಲ್ ಎಂಬ ಎಣ್ಣೆಯಂಶ ರಕ್ತದ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಇದನ್ನು ಮಾವನವರಿಗೆ ಹೇಳಲು ಹೋದೆ. ಅವರು ಲೋಟ ಬರಿದು ಮಾಡಿ, ಮೇಜಿನ ಮೇಲಿದ್ದ ಕಾಫಿಪುಡಿಯ ಖಾಲಿ ಪೊಟ್ಟಣವನ್ನೆತ್ತಿ ಚೀಟಿಯ ಮೇಲೆ ಬೆರಳಿಟ್ಟರು:

"ಓದು. ಕೊಲೆಸ್ಟ್ರಾಲ್ ಇಲ್ಲ. ಇನ್ನೊಂದು ಲೋಟ ಹಾಕಿಸು."