ಏರಿ ಮೇಲೆ ಏರಿಲ್ಲ

ಮಣ್ಣು ದಾರಿಗೆ ಗ್ರಾವೆಲ್ ಬೈಕ್ ಅಂತ ಲಕ್ಷಗಟ್ಟಲೆ ಬೆಲೆಯ ಸೈಕಲ್‌ಗಳು ಬಂದಿವೆ. ಬಾಗಿದ ಹ್ಯಾಂಡಲ್, ಡಿಸ್ಕ್ ಬ್ರೇಕ್, 40 ಮಿ.ಮೀ. ಅಗಲದ ಟೈರ್. ಕೊನೆಯದೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಆಮೇಲಿನ ಮಾತು. ಆ ಕೊನೆಯದು ಮಂಡ್ಯ ಸೀಮೆಯಲ್ಲಿ ಹಾಲಿನ ಕ್ಯಾನ್ ನೇತುಹಾಕಿಕೊಂಡು ಡೇರಿಗೆ ಹೋಗುವ ಕರಿ ಸೈಕಲ್ಲಿನಲ್ಲಿ ಮೊದಲಿಂದಲೂ ಇದೆ. ಅದರ 28 × 1½ ಟೈರಿನ ಅಗಲವೂ ಹೆಚ್ಚುಕಮ್ಮಿ 40 ಮಿ.ಮೀ.ಯೇ. ಮಣ್ಣು ದಾರಿಗೆ ಎಂಥ ಟೈರ್ ಬೇಕು ಅಂತ ಆ ಹಾಲಿನವರಿಗೆ ಯಾರೂ ಯೂಟ್ಯೂಬಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಸೈಕಲ್ ತುಳಿಯೋಕೆ ವಾಹನಗಳ ಕಾಟ ಇಲ್ಲದ ಜಾಗ ಎಲ್ಲಿದೆ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಶ್ರೀರಂಗಪಟ್ಟಣದ ಸುತ್ತಲಿನ ನಾಲೆ ಏರಿಗಳು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್‌ನಿಂದ ಸೈಕಲ್‌ಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲ ಒಟ್ಟಿಗೆ ನುಗ್ಗುತ್ತವೆ. ಅಲ್ಲಿಂದ ಸ್ವಲ್ಪ ಒಳಗೆ ಸರಿದರೆ ಸಾಕು, ಗದ್ದೆ, ತೆಂಗು, ನೀರು, ಕೆಮ್ಮಣ್ಣಿನ ದಾರಿ. ನೀರು ತಾನಾಗಿ ಹರಿಯಬೇಕು ಅಂತಲೇ ನಾಲೆಯನ್ನು ಮಟ್ಟ ಹಿಡಿದು ತೆಗೆದಿರುತ್ತಾರೆ. ಹಾಗಾಗಿ ಏರಿ ಮೇಲೆ ಏರಿಲ್ಲ, ಇಳಿಜಾರೂ ಇಲ್ಲ. ಗೇರ್ ಇಲ್ಲದ ಸೈಕಲ್ಲೂ ನಡೆಯುತ್ತದೆ.

ಜನ ದರಿಯಾ ದೌಲತ್, ಗುಂಬಜ್ ನೋಡಿ ಇತಿಹಾಸ ಮುಗಿಯಿತು ಅಂದುಕೊಂಡು ಹೋಗುತ್ತಾರೆ. ಇಲ್ಲಿನ ಹಳೇ ನಾಲೆಗಳು ಅವೆರಡಕ್ಕಿಂತಲೂ ಹಿಂದಿನವು, ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿವೆ. ಬಂಗಾರದೊಡ್ಡಿ ನಾಲೆ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು (1638–1659). ಕಾವೇರಿಗೆ ಅಣೆ ಕಟ್ಟಿ, ನೀರನ್ನು ಮೇಲ್ಗಾಲುವೆಯಲ್ಲಿ ಅದೇ ಕಾವೇರಿಯ ಪಶ್ಚಿಮದ ಕವಲಿನ ಮೇಲೆ ಹಾಯಿಸಿ ಪಟ್ಟಣದ ದ್ವೀಪಕ್ಕೆ ತಂದಿದ್ದಾರೆ. ನದಿಯ ಮೇಲೆ ನದಿ ನೀರು! ರಂಗನತಿಟ್ಟಿನ ನಡುಗಡ್ಡೆಗಳು ಮೂಡಿದ್ದೂ 1645–48ರಲ್ಲಿ ಅವರೇ ಕಟ್ಟಿಸಿದ ಅಣೆಯಿಂದ. ರೈತರಿಗೆ ಅಂತ ಕಟ್ಟಿದ್ದು, ಹೆಜ್ಜಾರ್ಲೆಗೂ ಬಣ್ಣದ ಕೊಕ್ಕರೆಗೂ ಮನೆಯಾಯಿತು. 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಬಲಮುರಿ ಅಣೆಯಿಂದ ಹೊರಡುವ ವಿರಿಜಾ ನಾಲೆ ಬಲದಂಡೆಯಲ್ಲಿ, ಚಿಕ್ಕದೇವರಾಜ ಒಡೆಯರ ಹೆಸರಿನ ಸಿಡಿಎಸ್ ನಾಲೆ ಎಡದಂಡೆಯಲ್ಲಿ.

ಮೊದಲ ಸಲಕ್ಕೆ ಬಲದಂಡೆ ಒಳ್ಳೆಯದು: ಪಟ್ಟಣದಿಂದ ಪಶ್ಚಿಮವಾಹಿನಿ, ಪಾಲಹಳ್ಳಿ, ರಂಗನತಿಟ್ಟು, ಬಲಮುರಿ, ಬಂದ ದಾರಿಯಲ್ಲೇ ವಾಪಸ್ಸು. ಅರ್ಧ ದಿನ ಸಾಕು. ಎರಡನೇ ಸಲಕ್ಕೆ ಎಡದಂಡೆ: ದಿವಾನ್ ಪೂರ್ಣಯ್ಯನವರ ಕಾಲದ, 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬ ನೋಡಿಕೊಂಡು ಪಾಂಡವಪುರ, ಕುಂತಿಬೆಟ್ಟ, ತೊಣ್ಣೂರು ಕೆರೆ. ತೊಣ್ಣೂರಿನಲ್ಲಿ ನಂಬಿನಾರಾಯಣ ಗುಡಿಯಿದೆ. ಕೆರೆಯ ನೀರಿನ ತಿಳಿ ನೋಡಿಯೇ ಅದಕ್ಕೆ ಮೋತಿ ತಲಾಬ್ ಅನ್ನುವ ಹೆಸರು ಬಂದದ್ದು. ಈ ಕಡೆ ಸಿಗುವುದು ವಿಶ್ವೇಶ್ವರಯ್ಯ ನಾಲೆ, ಕೆಆರ್‌ಎಸ್ ಜತೆಗೆ ಹುಟ್ಟಿದ್ದು, ಮೊದಲ ಹೆಸರು ಇರ್ವಿನ್ ನಾಲೆ. ಇದನ್ನೇ ಹಿಡಿದು ಹೊರಟವರು ಹುಲಿಕೆರೆ ಹತ್ತಿರ ಕಕ್ಕಾಬಿಕ್ಕಿಯಾಗುತ್ತಾರೆ. ಅಲ್ಲಿ ನಾಲೆ ಸುಮಾರು 2.8 ಕಿ.ಮೀ. ಸುರಂಗದೊಳಗೆ ಹೋಗುತ್ತದೆ, ಏರಿಯೂ ಅಲ್ಲಿಗೆ ಮುಗಿಯಿತು. ಊರ ರಸ್ತೆಯಲ್ಲಿ ಸುತ್ತಿ ಆಚೆ ಬದಿ ಸೇರಿಕೊಳ್ಳಬೇಕು.

ಮ್ಯಾಪ್ ನಂಬಿ ಹೋಗುವಾಗ ಇನ್ನೊಂದು ಎಚ್ಚರ. ನಾಲೆಯ ಎರಡೂ ಬದಿ ದಾರಿ ಅಂತ ಅದು ತೋರಿಸಬಹುದು, ನಿಜವಾದ ಏರಿ ದಾರಿ ಸಾಮಾನ್ಯವಾಗಿ ಒಂದೇ ಬದಿ. ಹಿಂದಿನ ರಾತ್ರಿ ಸ್ಯಾಟಲೈಟ್ ಚಿತ್ರ ಹಿಗ್ಗಿಸಿ ಗಾಡಿ ಜಾಡು ಯಾವ ಬದಿ ಇದೆ ನೋಡಿಕೊಳ್ಳಿ. ತೂಬಿನ ಹತ್ತಿರ ನಾಲೆ ನೀರು ನೋಡಿಕೊಳ್ಳುವ ಸೌಡಿಯೋ ನೀರಗಂಟಿಯೋ ಸಿಕ್ಕರೆ, "ಅಣ್ಣಾ, ಮುಂದೆ ದಾರಿ ಐತಾ?" ಅಂತ ಕೇಳಿ. ಎಲ್ಲಿ ಏರಿ ಕುಸಿದಿದೆ, ಎಲ್ಲಿ ಹೂಳು ಸುರಿದಿದ್ದಾರೆ, ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.

ಈಗ ಗಾಳಿ ವಿಷಯ. ಹೊಸಬರ ಸವಾರಿ ಹಾಳಾಗುವುದು ಮುಖ್ಯವಾಗಿ ಇಲ್ಲೇ. ಅಂಗಡಿಯಲ್ಲಿ "ಗಟ್ಟಿಯಾಗಿ ಹೊಡೀರಿ" ಅಂದು 65–70 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿಕೊಂಡು ಬರುತ್ತಾರೆ. ಗಟ್ಟಿ ಟೈರ್ ಪ್ರತಿ ಕಲ್ಲಿಗೂ ಎಗರುತ್ತದೆ, ನೆಲ ಕಚ್ಚುವುದಿಲ್ಲ. ಹತ್ತು ಕಿಲೋಮೀಟರಿಗೆ ಅಂಗೈ ಜೋಮು ಹಿಡಿಯುತ್ತದೆ, ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತದೆ. ಸವಾರನ ತೂಕ 70 ಕೆ.ಜಿ., ಟೈರ್ 40 ಮಿ.ಮೀ., ಒಳಗೆ ಟ್ಯೂಬ್ ಇದೆ ಅಂತಾದರೆ ಹಿಂದೆ 40, ಮುಂದೆ 36ರಿಂದ ಶುರು ಮಾಡಿ. ತೂಕ ಹತ್ತು ಕೆ.ಜಿ. ಹೆಚ್ಚಿದ್ದರೆ ಮೂರ್ನಾಲ್ಕು ಸೇರಿಸಿ, ಟ್ಯೂಬ್‌ಲೆಸ್ ಆದರೆ ಐದಾರು ಇಳಿಸಿ. ಹಾಗಂತ ಟ್ಯೂಬ್ ಹಾಕಿಕೊಂಡು 25ಕ್ಕೆ ಇಳಿಸಿದರೆ, ಹುಗಿದ ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡು ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ತೂತು ಎರಡಿದ್ದರೆ ಗಾಳಿ ಕಮ್ಮಿ, ಒಂದೇ ಇದ್ದರೆ ಮುಳ್ಳು. ಟ್ಯೂಬ್ ಕೈಗೆ ತಗೊಂಡ ತಕ್ಷಣ ಇದನ್ನು ನೋಡಿ.

ಮುಳ್ಳು ಅಂದರೆ ಜಾಲಿ ಮುಳ್ಳು. ಗದ್ದೆಗೆ ದನ ನುಗ್ಗದಿರಲಿ ಅಂತ ಕಡಿದ ಜಾಲಿ ಕೊಂಬೆಯನ್ನು ಬೇಲಿಗೆ ಒಟ್ಟಿರುತ್ತಾರೆ, ಅದರ ಚೂರು ಏರಿ ಮೇಲೆ ಬಿದ್ದಿರುತ್ತದೆ. ಮುಳ್ಳು ಟೈರಿಗೆ ಹೊಕ್ಕು ಹೊರಗೆ ಮುರಿಯುತ್ತದೆ, ತುದಿ ರಬ್ಬರಿನೊಳಗೇ ಉಳಿಯುತ್ತದೆ. ಹೊರಗಿಂದ ನೋಡಿದರೆ ಸಣ್ಣ ಕಪ್ಪು ಚುಕ್ಕೆ, ಅಷ್ಟೇ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಮುಂದಿನ ಊರು ಬರೋದರೊಳಗೆ ಮತ್ತೆ ಪಂಕ್ಚರ್. ಟೈರಿನ ಒಳಗೆ ಪೂರ್ತಿ ಒಂದು ಸುತ್ತು ಬಟ್ಟೆ ಸವರಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿದೆ ಮುಳ್ಳು. ಬರೀ ಬೆರಳು ಆಡಿಸಬೇಡಿ, ಸೀಳುತ್ತದೆ. ಚಿಮಟ ಇಲ್ಲದಿದ್ದರೆ ಒಳಗಿಂದ ಸಣ್ಣ ಕಲ್ಲಿನಿಂದ ಒತ್ತಿ ಹೊರಗೆ ತಳ್ಳಬಹುದು. ಸೊಲ್ಯೂಷನ್ ಹಚ್ಚಿದ ಮೇಲೆ ಹೊಳಪು ಹೋಗಿ ಮಾಸಲಾಗುವ ತನಕ, ಸುಮಾರು ನಾಲ್ಕೈದು ನಿಮಿಷ, ಕಾದು ಪ್ಯಾಚ್ ಒತ್ತಿ. ಹಸಿಯಿರುವಾಗ ಅಂಟಿಸಿದ್ದು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಟ್ಯೂಬ್‌ಲೆಸ್‌ನವರು ಟೈರಿಗೆ 60 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ, ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ ಅನ್ನುವುದನ್ನೂ ನೆನಪಿಟ್ಟುಕೊಳ್ಳಿ. ಸೂಜಿಯಂಥ ತೆಳು ವಾಲ್ವ್ ಇರುವ ಸೈಕಲ್ ಆದರೆ ಹಿತ್ತಾಳೆಯ ಅಡಾಪ್ಟರ್ ಜೇಬಲ್ಲಿರಲಿ. ಅದಿಲ್ಲದಿದ್ದರೆ ಊರಿನ ಪಂಕ್ಚರ್ ಅಂಗಡಿಯ ಕಂಪ್ರೆಸರ್ ನಿಮ್ಮ ಉಪಯೋಗಕ್ಕಿಲ್ಲ.

ಪುಸ್ತಕದಲ್ಲಿ ಸಿಗದ ಇನ್ನೊಂದು ತೊಂದರೆ ಹುರುಳಿಯದ್ದು. ಸುಗ್ಗಿಯಲ್ಲಿ ವಾಹನಗಳೇ ತುಳಿದು ಒಕ್ಕಲಿ ಅಂತ ಹುರುಳಿ ಬಳ್ಳಿಯನ್ನು ಊರ ಹತ್ತಿರದ ಟಾರು ರಸ್ತೆ ಮೇಲೆ ಹರಡುತ್ತಾರೆ. ಕಾರಿಗೆ ಏನೂ ಆಗಲ್ಲ. ಸೈಕಲ್ ಹೋದರೆ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಳ್ಳುತ್ತದೆ, ಜೋರಾಗಿ ತುಳಿದಿರೋ ಗೇರ್ ಬದಲಿಸುವ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಸಿಕ್ಕಿ, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ನಿಮ್ಮ ಮಾಡೆಲ್ಲಿನ ಹ್ಯಾಂಗರ್ ಒಂದು ಬ್ಯಾಗಿನಲ್ಲಿರಲಿ, ಊರಿನ ಅಂಗಡಿಯಲ್ಲಿ ಅದು ಸಿಗುವ ವಸ್ತುವಲ್ಲ.

ನಾಲೆಗೆ ನೀರು ಬಿಡುವ ಮುಂಚೆ ಹೂಳೆತ್ತಿ ಏರಿ ಮೇಲೇ ಸುರಿಯುತ್ತಾರೆ. ಒಣಗಿದರೆ ಸೈಜುಗಲ್ಲಿನಷ್ಟು ಗಟ್ಟಿ, ಮಳೆ ಬಂದರೆ ಅಂಟು. ಅಂಟುಮಣ್ಣು ಫೋರ್ಕಿಗೂ ಟೈರಿಗೂ ನಡುವೆ ತುಂಬಿಕೊಂಡರೆ ಚಕ್ರವೇ ತಿರುಗುವುದಿಲ್ಲ. ಎರಡೂ ಕಡೆ 6 ಮಿ.ಮೀ.ಯಾದರೂ ಸಂದಿ ಇರದ ಸೈಕಲ್ ಮಳೆಗಾಲದಲ್ಲಿ ತರಬೇಡಿ. ಮಳೆ ನಿಂತು ಎರಡು ದಿನ ಬಿಟ್ಟು ಹೋದರೆ ಮಣ್ಣು ಕೂತಿರುತ್ತದೆ, ದೂಳೂ ಇರಲ್ಲ. ಗಂಟೆಗೆ 14–15 ಕಿ.ಮೀ. ಅಂತ ಲೆಕ್ಕ ಹಾಕಿ. ಟಾರಿನ ಲೆಕ್ಕದಲ್ಲಿ ಹೊರಟವರಿಗೆ ವಾಪಸ್ಸು ಬರುವಾಗ ಕತ್ತಲಾಗುತ್ತದೆ, ಕತ್ತಲಲ್ಲಿ ನಾಲೆ ಏರಿ ಬೇಡವೇ ಬೇಡ.

ಯಾಕೆಂದರೆ ಬಹಳಷ್ಟು ಕಡೆ ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸೇ ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಸಿಮೆಂಟ್ ಲೈನಿಂಗ್ ಮಾಡಿದ ಕಡೆ ಇಳಿಜಾರು ಪಾಚಿಗಟ್ಟಿ ಸಾಬೂನಿನ ಹಾಗಿರುತ್ತದೆ. ಈಜು ಬಂದರೂ ಹತ್ತಿ ಬರೋಕೆ ಹಿಡಿತ ಸಿಗಲ್ಲ. ಬಾಟಲಿ ತುಂಬಿಸೋಕೆ, ಸೈಕಲ್ ತೊಳೆಯೋಕೆ ಅಂತ ಅಲ್ಲಿ ಕಾಲಿಡಬೇಡಿ. ಬಟ್ಟೆ ಒಗೆಯುವ ಮೆಟ್ಟಿಲು ಇರುವ ಕಡೆ ಮಾತ್ರ ನೀರಿನ ಹತ್ತಿರ ಹೋಗಿ. ಕುಡಿಯಲು 750 ಮಿ.ಲೀ.ಯ ಎರಡು ಬಾಟಲಿ ಮನೆಯಿಂದಲೇ.

ಏರಿಗೆಲ್ಲ ಟಾರು ಹಾಕಿ ಅನ್ನುವ ಮಾತು ಆಗಾಗ ಕೇಳಿಸುತ್ತದೆ. ಬೆಳೆ ಸಾಗಿಸುವ ರೈತ ಕೇಳಿದರೆ ನ್ಯಾಯವಿದೆ, ಅವನ ಗಾಡಿಯ ಮುಂದೆ ನಮ್ಮ ಭಾನುವಾರದ ಸವಾರಿ ಲೆಕ್ಕಕ್ಕಿಲ್ಲ. ಪ್ರವಾಸೋದ್ಯಮಕ್ಕೆ ಅಂತ ಹಾಕುವುದಕ್ಕೆ ನನ್ನ ವಿರೋಧವಿದೆ. ಟಾರು ಬಂದರೆ ಹಿಂದೆಯೇ ಕಾರು, ಕಾರಿನ ಹಿಂದೆ ಬಾಟಲಿ, ಚಿಪ್ಸ್ ಕವರು. ಆ ದುಡ್ಡಲ್ಲಿ ತಿರುವುಗಳಲ್ಲಿ ತಡೆಗೋಡೆ ಕಟ್ಟಲಿ.

ಎದುರಿಗೆ ಹುಲ್ಲು ಹೇರಿದ ಎತ್ತಿನಗಾಡಿ ಬಂದರೆ ಬೆಲ್ ಹೊಡೆಯಬೇಡಿ, ಎತ್ತು ಬೆದರುತ್ತವೆ. ನೀವೇ ಇಳಿದು ದಾರಿ ಬಿಡಿ, ಸೈಕಲ್ಲನ್ನು ಗದ್ದೆ ಕಡೆಗೆ ಸರಿಸಿಕೊಳ್ಳಿ, ನೀರಿನ ಕಡೆಗಲ್ಲ.