ಹುಳು ಜ್ವರಕ್ಕೆ ಕೂತಾಗ

ವಾರಕ್ಕೆ 70 ಗಂಟೆ ದುಡಿಯಬೇಕು ಅಂತ ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದ ಮೇಲೆ ಶುರುವಾದ ಜಗಳ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಇನ್ನೂ ಮುಗಿದಿಲ್ಲ. 70 ಜಾಸ್ತಿಯೋ ಕಡಿಮೆಯೋ, ನನಗೆ ಗೊತ್ತಾಗುವುದಿಲ್ಲ. ಯಾಕಂದ್ರೆ ನಾನು ದುಡಿಮೆ ಕಲಿತದ್ದು ರಾಮನಗರದ ಹತ್ತಿರದ ನಮ್ಮೂರಿನ ಹುಳುಮನೆಯಲ್ಲಿ. ಅಲ್ಲಿ ಯಾರೂ ಗಂಟೆ ಎಣಿಸಿದ್ದನ್ನು ನೋಡಿಲ್ಲ.

ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟಲು ಶುರು ಮಾಡೋಕೆ ಹೆಚ್ಚುಕಡಿಮೆ 25 ದಿನ. ಅಷ್ಟರಲ್ಲಿ 4 ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅಂತೀವಿ. ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ, ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಆಗ ಸೊಪ್ಪು ಹಾಕಲೂಬಾರದು. ಸುಣ್ಣದ ಪುಡಿ ಉದುರಿಸಿ ಸುಮ್ನಿರಬೇಕು.

ಈ ಸುಮ್ನಿರೋದು ಇದೆಯಲ್ಲ, ಅದೇ ಕಷ್ಟ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ, ಅವ್ವ ಒಂದು ಮದುವೆಗೆ ಹೋಗಿ ಹುಳು ನನಗೆ ಬಿಟ್ಟಿದ್ದರು. ಮೂರನೇ ಜ್ವರ. ಬೆಳಿಗ್ಗೆ ನೋಡಿದರೆ ಅರ್ಧದಷ್ಟು ಹುಳು ಎದ್ದು ಓಡಾಡುತ್ತಿದ್ದವು. ಪಾಪ ಹಸಿದಿವೆ ಅಂತ ನಾನು ತೋಟಕ್ಕೆ ಹೋಗಿ, ಸೊಪ್ಪು ಕೊಯ್ದು, ಎಲ್ಲಾ ತಟ್ಟೆಗೂ ಹಾಕಿ, ಕಸ ಗುಡಿಸಿ, ಭಾರೀ ಕೆಲಸಗಾರನ ಹಾಗೆ ಜಗಲಿ ಮೇಲೆ ಕೂತಿದ್ದೆ. ಸಂಜೆ ಬಂದ ಅವ್ವ ತಟ್ಟೆ ನೋಡಿ, "ಯಾರ್ ಹೇಳುದ್ರು ನಿಂಗೆ ಹಾಕು ಅಂತ?" ಅಂದಳು. ಬಹುಪಾಲು ಹುಳು ಏಳುವ ತನಕ ಕಾಯಬೇಕಿತ್ತು. ಮೊದಲು ಎದ್ದವು ತಿಂದು ಮುಂದೆ ಹೋದವು, ಉಳಿದವು ಹಿಂದೆ ಬಿದ್ದವು. ಕೊನೆಗೆ ಒಂದೇ ತಟ್ಟೆಯಲ್ಲಿ ಕೆಲವು ಹಣ್ಣಾಗಿ ಗೂಡು ಕಟ್ಟೋಕೆ ಜಾಗ ಹುಡುಕುತ್ತಿದ್ದರೆ ಇನ್ನು ಕೆಲವು ಇನ್ನೂ ಮೇಯುತ್ತಿದ್ದವು. ಒಂದು ದಿನದಲ್ಲಿ ಮುಗಿಯಬೇಕಿದ್ದ ಹುಳು ಆರಿಸೋ ಕೆಲಸ ಮೂರು ದಿನ ಎಳೆಯಿತು. ಮುಯ್ಯಾಳಿಗೆ ಬಂದವರಿಗೆಲ್ಲ ಅವ್ವ ನನ್ನ ಕಡೆ ಕೈ ತೋರಿಸಿ ನಗುತ್ತಿದ್ದಳು. ಅಪ್ಪ ನಗಲಿಲ್ಲ.

ಹಾಗಂತ ಹುಳು ಸಾಕೋದು ಆರಾಮದ ಕೆಲಸ ಅಂದುಕೊಳ್ಳಬೇಡಿ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಕೊನೆಯ ಆ ಏಳೆಂಟು ದಿನದಲ್ಲೇ ಖಾಲಿ. ಕೊಯ್ಯೋದು, ಹೊರೋದು, ಹಾಕೋದು, ಮತ್ತೆ ಕೊಯ್ಯೋದು. ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋಕೆ ಇಡೋ ತಟ್ಟಿಗೆ, ಬಿಡದಿದ್ದರೆ ನೂಲನ್ನು ತಟ್ಟೆಯಲ್ಲೇ ಬಿಟ್ಟು ಹಾಳು ಮಾಡುತ್ತದೆ. ಆ ವಾರ ಅವ್ವ ಮಲಗಿದ್ದು ನನಗೆ ನೆನಪೇ ಇಲ್ಲ. ಆದರೆ ಜ್ವರದ ದಿನ ಅವಳು ಮಧ್ಯಾಹ್ನವೇ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದಳು, ಅದಕ್ಕೆ ಅವಳಿಗೆ ಒಂಚೂರೂ ನಾಚಿಕೆ ಇರಲಿಲ್ಲ.

ನನಗಿದೆ. ಕೆಲಸ ಇಲ್ಲದ ದಿನ ಮೇಲ್ ತೆರೆದು ಮುಚ್ಚಿ, ಬೇಡದ ಮೀಟಿಂಗಿನಲ್ಲಿ ಕೂತು, ರಾತ್ರಿ 9ಕ್ಕೆ ಒಂದು ಮೆಸೇಜ್ ಹಾಕಿ ಇದ್ದೀನಿ ಅಂತ ತೋರಿಸುತ್ತೇನೆ. ನಿಜವಾಗಿ ಕೆಲಸ ಬಿದ್ದ ವಾರ ಸುಸ್ತಾಗಿರುತ್ತೇನೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕೋ ಚಟ ಇನ್ನೂ ಹೋಗಿಲ್ಲ, ಅಲ್ವಾ?

ಊರಲ್ಲಿ ಈಗ 100 ಮೊಟ್ಟೆ, ಅಂದ್ರೆ 100 ಚಿಟ್ಟೆ ಇಟ್ಟಷ್ಟು ಮೊಟ್ಟೆಯ ಹುಳು, ಮೇಯಿಸುತ್ತಿದ್ದಾರೆ. ಗುರುವಾರದ ಹೊತ್ತಿಗೆ ಹಣ್ಣಾಗುತ್ತವೆ ಅಂತ ಅವ್ವ ಫೋನ್ ಮಾಡಿದ್ದಳು. ಎರಡು ದಿನ ರಜೆ ಕೇಳಿದ್ದೇನೆ. ಕಾರಣದ ಜಾಗದಲ್ಲಿ "ಹುಳು ಹಣ್ಣಾಗುತ್ತಿವೆ" ಅಂತಲೇ ಬರೆದೆ. ಮ್ಯಾನೇಜರ್ ನೋಡಿದ್ದಾರೆ, ಇನ್ನೂ ಉತ್ತರ ಬಂದಿಲ್ಲ.